ಎರಡು ಡೆಸಿಬಲ್ ಎಡಕ್ಕೆ

ನೀರು ಸರಬರಾಜು ಮಂಡಳಿಯವರು ಹತ್ತೊಂಬತ್ತು ವರ್ಷಗಳಿಂದ ನಮ್ಮ ಭಾವನ ಬಲಗಿವಿಯನ್ನು ನಂಬಿಕೊಂಡು ರಸ್ತೆ ಅಗೆಯುತ್ತಿದ್ದಾರೆ. ಇದು ಉತ್ಪ್ರೇಕ್ಷೆಯಲ್ಲ, ಹುದ್ದೆ. ಮಂಡಳಿಯ ದಾಖಲೆಯಲ್ಲಿ ಅದಕ್ಕೆ ‘ಸೋರಿಕೆ ಆಲಿಸುವವರು’ ಎಂದು ಹೆಸರಿದೆ. ಬೆಳಗ್ಗೆ ಬಸ್ಸುಗಳು ಹೊರಡುವ ಮುಂಚೆ ಭಾವ ಒಂದು ಉದ್ದನೆಯ ಉಕ್ಕಿನ ಸರಳನ್ನು ರಸ್ತೆಗೆ ಊರಿ, ಅದರ ತುದಿಯ ಮರದ ಬಟ್ಟಲಿಗೆ ಬಲಗಿವಿ ಒತ್ತಿ, ಕಣ್ಣು ಮುಚ್ಚಿ ನಿಲ್ಲುತ್ತಾರೆ. ನೆಲದಡಿ ಎಲ್ಲಾದರೂ ಕೊಳವೆ ಒಡೆದು ನೀರು ಹಿಸ್ ಎನ್ನುತ್ತಿದ್ದರೆ ಅವರಿಗೆ ಕೇಳುತ್ತದೆ. ಸೀಮೆಸುಣ್ಣದಲ್ಲಿ ಒಂದು ಗುರುತು ಹಾಕಿ “ಇಲ್ಲಿ” ಎನ್ನುತ್ತಾರೆ. ಅಗೆದರೆ ನೀರು ಅಲ್ಲೇ ಇರುತ್ತದೆ, ಇವರಿಗಾಗಿ ಕಾಯುತ್ತಿದ್ದ ಹಾಗೆ.

ಭಾವನ ದೇಹದ ಮಿಕ್ಕ ಭಾಗಗಳಿಗೆ ಇಂಥ ಕೀರ್ತಿಯಿಲ್ಲ. ಎರಡು ಜೊತೆ ಚಪ್ಪಲಿಯಿಂದ ಒಂದೊಂದನ್ನು ಆರಿಸಿ ಹಾಕಿಕೊಂಡು ಹೊರಟು, ಸಂಜೆ ಮೂರನೆಯ ಜೊತೆಯೊಂದಿಗೆ ಮನೆಗೆ ಬರುವ ಆಸಾಮಿ ಅವರು. ಮೂಗಿನ ಮೇಲೆ ಕನ್ನಡಕ ಇಟ್ಟುಕೊಂಡೇ ಕನ್ನಡಕ ಹುಡುಕುವುದನ್ನು ಬೇರೆಯವರ ಮನೆಯಲ್ಲಿ ತಮಾಷೆಗೆ ಹೇಳುತ್ತಾರೆ; ನಮ್ಮ ಅಕ್ಕ ಅದನ್ನು ವಾರಕ್ಕೆರಡು ಸಲ ನೋಡುತ್ತಾಳೆ. ಆದರೆ ಕಿವಿಯ ವಿಷಯ ಬಂದರೆ ಮಾತ್ರ ಅಕ್ಕನೂ ಸ್ವಲ್ಪ ಬೆನ್ನು ನೆಟ್ಟಗೆ ಮಾಡಿ ಕೂರುತ್ತಾಳೆ.

ಇಂಥ ಭಾವ ಒಂದು ದಿನ ಪ್ರೀಆಂಪ್ಲಿಫೈಯರ್ ತಂದರು. ಹಾಡಿನ ತಟ್ಟೆ ಓಡಿಸುವ ಯಂತ್ರಕ್ಕೂ ಸ್ಪೀಕರುಗಳಿಗೆ ಶಕ್ತಿ ತುಂಬುವ ದೊಡ್ಡ ಆಂಪ್ಲಿಫೈಯರಿಗೂ ನಡುವೆ ಕೂತು, ಎಷ್ಟು ಸದ್ದು ಮುಂದೆ ಹೋಗಬೇಕೆಂದು ತೀರ್ಮಾನಿಸುವ ಪೆಟ್ಟಿಗೆ ಅದು. ಹಾಗೆಂದು ಭಾವ ಅರ್ಧ ಗಂಟೆ ವಿವರಿಸಿದರು.

“ಅಂದ್ರೆ ವಾಲ್ಯೂಮ್ ಗುಂಡಿ,” ಎಂದಳು ಅಕ್ಕ.

“ಗುಂಡಿ ಅನ್ಬೇಡ.”

“ಮತ್ತೇನದು?”

ಭಾವ ಬಗ್ಗಿ ಅದನ್ನು ಹತ್ತಿರದಿಂದ ನೋಡಿದರು. “ಗುಂಡಿನೇ. ಆದ್ರೂ ಹಾಗನ್ಬೇಡ.”

ಅಕ್ಕ ಪೆಟ್ಟಿಗೆಯನ್ನು ಸುತ್ತಿ ಬಂದು ನೋಡಿದಳು. ಮುಂದುಗಡೆ ನುಣುಪಾದ ಬೂದು ಲೋಹದ ಫಲಕ, ನಡುವೆ ಆ ಒಂದು ಗುಂಡಿ. ಬೇರೇನೂ ಇಲ್ಲ. “ಹಳೇ ರೇಡಿಯೋದಲ್ಲಿ ದಪ್ಪ ಸದ್ದಿಗೊಂದು, ಕೀರಲು ಸದ್ದಿಗೊಂದು, ಎಡಬಲಕ್ಕೊಂದು ಅಂತ ಇದ್ವಲ್ಲ? ಇದರಲ್ಲಿ ಯಾಕಿಲ್ಲ?”

“ಅವೆಲ್ಲ ಸದ್ದಿನ ದಾರಿಗೆ ಅಡ್ಡ. ಒಳ್ಳೇ ಮಾಲು ಮಾಡೋರು ಒಂದೊಂದಾಗಿ ತೆಗೆದುಹಾಕಿರ್ತಾರೆ. ಇಲ್ಲದೇ ಇರೋದೇ ಇದರ ದೊಡ್ಡಸ್ತಿಕೆ.”

“ಹಾಗಾದ್ರೆ ನಮ್ಮ ಅಡುಗೆಮನೆಯೂ ಬಹಳ ದೊಡ್ಡ ಮಾಲು ಬಿಡಿ,” ಎಂದು ಅಕ್ಕ ಒಳಗೆ ಹೋದಳು.

ಅದೇ ವಾರ ನಾನು ಹೆರಿಗೆ ರಜೆ ಮುಗಿಸಿ ಔಷಧಿ ಗೋದಾಮಿನ ಪ್ಯಾಕಿಂಗ್ ಕೆಲಸಕ್ಕೆ ಮರಳಿದೆ. ನಾವಿರುವುದು ಅಕ್ಕನ ಮನೆಯ ಮೇಲಿನ ಮಹಡಿಯಲ್ಲಿ. ನನ್ನ ಮಗಳನ್ನು ಹಗಲು ಹೊತ್ತು ಅಕ್ಕನ ಬಳಿ ಬಿಡುವುದು, ಅವರ ಹಾಲ್‌ನಲ್ಲೇ ಅವಳನ್ನು ಮಲಗಿಸುವುದು ಎಂದು ಮಾತಾಯಿತು. ಅವಳ ನಿದ್ದೆಯ ಬಗ್ಗೆ ಒಂದು ಮಾತು ಹೇಳಬೇಕು. ಮುಟ್ಟಿದರೆ ಒಡೆಯುವ ಜಾತಿ. ಪಕ್ಕದ ಕೋಣೆಯಲ್ಲಿ ಯಾರಾದರೂ ಪತ್ರಿಕೆಯ ಹಾಳೆ ಮಗುಚಿದರೂ ಎದ್ದು, ಹಾಳೆ ಮಗುಚಿದವರು ಕ್ಷಮೆ ಕೇಳುವವರೆಗೆ ಅಳುತ್ತಾಳೆ.

ಭಾವ ಬೆಳಗಿನ ಕೆಲಸ ಮುಗಿಸಿ ಮನೆಗೆ ಬರುವುದು ಮಧ್ಯಾಹ್ನ. ಊಟ ಮಾಡಿ ಕೂತರೆ ಅವರ ಸಂಗೀತದ ಸಮಯ. ಮಗಳು ಮಲಗುವುದೂ ಸರಿಯಾಗಿ ಆಗಲೇ. ಸಂಜೆ ಮನೆ ತುಂಬ ಜನ. ಕತ್ತಲಾದರೆ ಮುಂಜಾನೆಯ ಕೆಲಸಕ್ಕೆಂದು ಭಾವ ಬೇಗ ಮಲಗುತ್ತಾರೆ. ಹೀಗಾಗಿ ಹೊಸ ಪ್ರೀಆಂಪ್ಲಿಫೈಯರಿನ ಗುಂಡಿ ಬಂದ ದಿನದಿಂದ ಕೂದಲೆಳೆಯಷ್ಟೇ ತಿರುಗಿತು, ಅಲ್ಲೇ ನಿಂತಿತು. ನನಗೆ ಇದ್ಯಾವುದೂ ಗೊತ್ತಿರಲಿಲ್ಲ. ಭಾವನೂ ಹೇಳಿರಲಿಲ್ಲ.

ಹನ್ನೊಂದನೆಯ ದಿನ ಭಾವ ಕುರ್ಚಿಯಿಂದ ಎದ್ದು ಅಡುಗೆಮನೆಯ ಬಾಗಿಲಿಗೆ ಬಂದು ನಿಂತರಂತೆ. ಮುಖದಲ್ಲಿ ರಕ್ತವಿಲ್ಲ.

“ಅವಳು ಎಡಕ್ಕೆ ಸರಿದಿದ್ದಾಳೆ,” ಎಂದರು.

ಅಕ್ಕ ಸೌಟು ಕೆಳಗಿಟ್ಟಳು. “ಯಾವಳು?”

“ಹಾಡೋಳು.”

ಭಾವನ ಬಳಿ ಒಂದು ತಟ್ಟೆಯಿದೆ. ಒಬ್ಬಾಕೆ ಪಕ್ಕವಾದ್ಯವೇ ಇಲ್ಲದೆ ಬರಿಯ ಗಂಟಲಲ್ಲಿ ಹಾಡಿದ್ದು. ಎರಡು ಸ್ಪೀಕರುಗಳಿಂದ ಸದ್ದು ಒಂದೇ ಸಮ ಬಂದರೆ ಆಕೆ ನಡುವೆ, ಬರಿಯ ಗಾಳಿಯಲ್ಲಿ, ನಿಂತು ಹಾಡಿದಂತೆ ಕೇಳುತ್ತದೆ. ಪೆಟ್ಟಿಗೆ ಕೊಂಡ ಅಂಗಡಿಯಲ್ಲಿ ಹಾಗೆಯೇ ಕೇಳಿತ್ತು; ಮನೆಯಲ್ಲಿ ಆ ತಟ್ಟೆ ಹಾಕಿದ್ದು ಅಂದೇ ಮೊದಲು.

“ಮಧ್ಯದಲ್ಲಿ ಕಿಟಕಿ ಹತ್ರ ನಿಲ್ಬೇಕು ಅವಳು. ಈಗ ಎರಡು ಅಡಿ ಆಚೆ, ಬಟ್ಟೆ ಸ್ಟ್ಯಾಂಡ್ ಹತ್ರ ನಿಂತಿದ್ದಾಳೆ.”

ಅಕ್ಕ ಹೋಗಿ ಬಟ್ಟೆ ಸ್ಟ್ಯಾಂಡ್ ನೋಡಿ ಬಂದಳು. “ಅಲ್ಲಿ ಮಗೂನ ಚಡ್ಡಿ ಮಾತ್ರ ಇದೆ.”

ಭಾವ ಕೂತು ವಿಚಾರ ಮಾಡಿದರು. ಅವರ ವಿಚಾರಸರಣಿಯನ್ನು ಇಲ್ಲಿ ಹಾಗೆಯೇ ಕೊಡುತ್ತೇನೆ, ಯಾಕೆಂದರೆ ಮುಂದೆ ರಸ್ತೆಗೆ ಆದದ್ದಕ್ಕೆಲ್ಲ ಇದೇ ಬುನಾದಿ. ಬಲಗಡೆ ಸದ್ದು ಕಡಿಮೆ ಕೇಳುತ್ತಿದೆ. ಪೆಟ್ಟಿಗೆಯಿಂದ ಕೆಡುವಂಥದ್ದನ್ನೆಲ್ಲ ಮಾಡಿದವರೇ ತೆಗೆದುಹಾಕಿದ್ದಾರೆ. ಅದು ತಪ್ಪುವ ಹಾಗಿಲ್ಲ. ಆದ್ದರಿಂದ ತಪ್ಪಿರುವುದು ಬಲಗಿವಿ.

ಖಾತ್ರಿ ಮಾಡಿಕೊಳ್ಳಲು ಕುರ್ಚಿಯನ್ನು ತಿರುಗಿಸಿ, ಸ್ಪೀಕರುಗಳಿಗೆ ಬೆನ್ನು ಹಾಕಿ, ಗೋಡೆ ನೋಡುತ್ತ ಕೂತರು. ಈಗ ಎಡಗಿವಿಗೆ ಕಡಿಮೆ ಕೇಳಿಸಿತು.

ಬೇರೆ ಯಾರಾದರೂ ಆಗಿದ್ದರೆ ಈ ಘಟ್ಟದಲ್ಲಿ ಪೆಟ್ಟಿಗೆಯ ಮೇಲೆ ಅನುಮಾನ ಪಡುತ್ತಿದ್ದರು. ನಾನಂತೂ ಅದನ್ನು ಹೊತ್ತುಕೊಂಡು ಹೋಗಿ ಅಂಗಡಿಯವನ ಬೆವರಿಳಿಸಿ ಬರುತ್ತಿದ್ದೆ. ಭಾವ ತಮ್ಮನ್ನು ಬಿಟ್ಟು ಬೇರೆಯವರ ತಪ್ಪು ಹುಡುಕುವುದರಲ್ಲಿ ಬಹಳ ಹಿಂದೆ. ಅವರು ಗೋಡೆಯನ್ನೇ ನೋಡುತ್ತ ಅಕ್ಕನಿಗೆ ಹೇಳಿದರು: “ಎಡದ್ದೂ ಹೋಯ್ತು ಕಣೇ. ಎರಡೂ ಸರದಿ ಪ್ರಕಾರ ಹೋಗ್ತಿವೆ.”

ಗ್ರಹಚಾರಕ್ಕೆ ಅದೇ ವಾರ ಮಂಡಳಿಯಿಂದ ಸುತ್ತೋಲೆ ಬಂತು. ಸೋರಿಕೆ ಆಲಿಸುವವರೆಲ್ಲರಿಗೂ ಕಿವಿ ಪರೀಕ್ಷೆ. ದೋಷ ಕಂಡುಬಂದವರನ್ನು ಸ್ಟೋರ್ಸ್ ವಿಭಾಗಕ್ಕೆ ವರ್ಗ ಮಾಡಲಾಗುವುದು. ಸ್ಟೋರ್ಸ್ ಎಂದರೆ ಕಚೇರಿಯ ನೆಲಮಾಳಿಗೆ. ಅಲ್ಲಿ ವಾಷರುಗಳನ್ನು ಗಾತ್ರದ ಪ್ರಕಾರ ಡಬ್ಬಿಗಳಿಗೆ ತುಂಬುವುದು ಕೆಲಸ. ಸರಳು, ಸೀಮೆಸುಣ್ಣ, ಬೆಳಗಿನ ಖಾಲಿ ರಸ್ತೆ, ಒಂದೂ ಇಲ್ಲ. ಹತ್ತೊಂಬತ್ತು ವರ್ಷ ನೀರಿನ ದನಿ ಕೇಳಿದ ಮನುಷ್ಯ ರಬ್ಬರ್ ಎಣಿಸುತ್ತ ಕೂರಬೇಕು.

ಉಳಿದ ಆಲಿಸುವವರು ಪರೀಕ್ಷೆಯಲ್ಲಿ ಹೇಗೆ ಪಾಸಾಗುವುದು ಎಂದು ಗುಟ್ಟಾಗಿ ಮಾತಾಡಿಕೊಂಡರು. ಭಾವ ಅರ್ಜಿ ಬರೆದರು. ‘ಈ ಮೂಲಕ ತಿಳಿಸುವುದೇನೆಂದರೆ, ನನ್ನ ಎರಡೂ ಕಿವಿಗಳು ಒಂದಾದ ಮೇಲೊಂದರಂತೆ ದುರ್ಬಲವಾಗುತ್ತಿದ್ದು, ನನ್ನನ್ನು ನಂಬಿ ಸಾರ್ವಜನಿಕರ ರಸ್ತೆ ಅಗೆಯುವುದು ಸರಿಯಲ್ಲವೆಂದು ತೋರುವುದರಿಂದ...’ ಕಚೇರಿಯ ಹೆಡ್ ಕ್ಲರ್ಕ್ ಅದನ್ನು ಎರಡು ಸಲ ಓದಿ, ಮೂರು ಕಡೆ ಮೊಹರು ಒತ್ತಿ, ಸಂಜೆಯೊಳಗೆ ಎಲ್ಲರಿಗೂ ಹೇಳಿ ಮುಗಿಸಿದರು.

ಸುದ್ದಿ ಭಾವನಿಗಿಂತ ಮುಂಚೆ ಮನೆ ಸೇರಿತು. ಭಾವನ ತಾಯಿ, ಅಂದರೆ ಅಕ್ಕನ ಅತ್ತೆ, ಮಗನನ್ನು ಎದುರಿಗೆ ಕೂರಿಸಿಕೊಂಡರು.

“ಈಗ ಗೊತ್ತಾಯ್ತು ನೋಡು. ಚಿಕ್ಕೋನಿದ್ದಾಗಿಂದ ನನ್ನ ಒಂದು ಮಾತೂ ಕೇಳಿಲ್ಲ ನೀನು. ನಾನು ಹಠ ಅನ್ಕೊಂಡು ಎಷ್ಟು ಬೈದೆ! ಪಾಪ, ಕಿವುಡು.”

“ಅಮ್ಮ, ಆಗೆಲ್ಲ ಚೆನ್ನಾಗೇ ಕೇಳಿಸ್ತಿತ್ತು.”

“ಹಾಗಾದ್ರೆ ಹಠವೇ?” ಎಂದು ಅವರು ಮತ್ತೆ ಮೊದಲಿಂದ ಶುರುಮಾಡಿದರು.

ಎದುರು ಮನೆಯ ನಿವೃತ್ತ ಹೆಡ್‌ಮಾಸ್ಟರು ಬಂದು, ಭಾವನ ಬಲಗಿವಿಯ ಹತ್ತಿರ ಬಾಯಿಟ್ಟು, ಒಂದೊಂದೇ ಅಕ್ಷರ ಬಿಡಿಸಿ “ಹೇ... ಗಿ... ದ್ದೀ... ರಿ...” ಎಂದು ಕೂಗಿದರು. ನನ್ನ ಮಗಳು ಎದ್ದು ಅತ್ತಳು. ಹೆಡ್‌ಮಾಸ್ಟರು ಎಡಗಿವಿಯ ಕಡೆಗೆ ನಡೆದು ಬಂದು ಪಾಠ ಪುನರಾವರ್ತನೆ ಮಾಡಿದರು. ಯಾವ ಕಿವಿಯ ಕಡೆ ನಿಲ್ಲಬೇಕೆಂಬುದು ಬೀದಿಯವರಿಗೆ ಬಗೆಹರಿಯಲಿಲ್ಲ. ಭಾವ ನಡೆದರೆ ಎಡಕ್ಕೊಬ್ಬರು ಬಲಕ್ಕೊಬ್ಬರು ಅಂಗರಕ್ಷಕರಂತೆ ಕಿರುಚುತ್ತ ನಡೆದರು. ಭಾವ ಇಬ್ಬರಿಗೂ ನಗುತ್ತ ತಲೆಯಾಡಿಸುತ್ತಿದ್ದರು. ನೋವಾಗುತ್ತಿದೆ, ಮೆಲ್ಲಗೆ ಮಾತಾಡಿ ಎಂದರೆ ಅವರ ಕಕ್ಕುಲಾತಿಗೆ ಅವಮಾನವಲ್ಲವೇ?

ಪರೀಕ್ಷೆಗೆ ಇನ್ನೂ ನಾಲ್ಕು ದಿನವಿತ್ತು. ಅಷ್ಟರಲ್ಲಿ ನಮ್ಮ ಹಿಂದಿನ ಬೀದಿಯಲ್ಲಿ ನೀರು ಬರುವುದು ಕಡಿಮೆಯಾಗಿ, ದೂರು ಹೋಗಿ, ಭಾವನನ್ನೇ ಕಳಿಸಿದರು. ಜೊತೆಗೆ ಹೊಸದಾಗಿ ಸೇರಿದ ಸಹಾಯಕ ಎಂಜಿನಿಯರಮ್ಮ, ಅಗೆಯುವವರು ಇಬ್ಬರು. ಆ ಬೀದಿಯಲ್ಲಿ ಕ್ಷೌರದಂಗಡಿಯಿದೆ. ಭಾವ ಅದರ ಮೆಟ್ಟಿಲೆದುರು ಸರಳು ಊರಿ ಕಿವಿಯಿಟ್ಟರು. ಸ್ಪಷ್ಟವಾಗಿ ಹಿಸ್ ಎಂದು ಕೇಳಿಸಿತು. ಸೀಮೆಸುಣ್ಣ ತೆಗೆದವರು ಕೈಯನ್ನು ಗಾಳಿಯಲ್ಲೇ ತಡೆದರು.

“ಏನಾಯ್ತಣ್ಣ?” ಎಂದರು ಎಂಜಿನಿಯರಮ್ಮ.

“ಕೇಳಿಸ್ತಿರೋದು ಇಲ್ಲಿ. ಆದ್ರೆ ಕೇಳಿಸ್ತಿರೋದು ನನಗೆ.”

ಹಾಡುವವಳು ಇರುವ ಜಾಗಕ್ಕಿಂತ ಎಡಕ್ಕೆ ಕೇಳಿಸುತ್ತಾಳಾದರೆ ನೀರೂ ಎಡಕ್ಕೆ ಕೇಳಿಸಿರಬೇಕು. ಎಂದರೆ ನಿಜವಾದ ನೀರು ಇನ್ನೂ ಬಲಕ್ಕಿದೆ. ಹಾಲ್‌ನಲ್ಲಿ ಎರಡು ಅಡಿ ತಪ್ಪಿದರೆ ರಸ್ತೆಯ ಅಳತೆಗೆ ಹನ್ನೆರಡಾದರೂ ತಪ್ಪೀತು. ಭಾವ ಹನ್ನೆರಡು ಅಡಿ ಬಲಕ್ಕೆ ನಡೆದು ಗುರುತು ಹಾಕಿದರು. ಅಗೆದರು. ಒಣಮಣ್ಣು.

ಆಗ ಭಾವನಿಗೆ ಕುರ್ಚಿ ತಿರುಗಿಸಿದ್ದು ನೆನಪಾಯಿತು. ತಾವು ಅಂಗಡಿಗೆ ಬೆನ್ನು ಹಾಕಿ ಕೇಳಿದ್ದರಲ್ಲ! ಹಾಗಾದರೆ ಎಲ್ಲವೂ ಉಲ್ಟಾ. ಹನ್ನೆರಡು ಅಡಿ ಎಡಕ್ಕೆ ಗುರುತು ಬಿತ್ತು. ಅಗೆದರು. ಅಲ್ಲಿ ಯಾವುದೋ ಕಾಲದ ಒಂದು ಬೂಟು ಸಿಕ್ಕಿತು, ನೀರು ಸಿಗಲಿಲ್ಲ. ಮೂರನೆಯ ಸಲ ಎರಡೂ ಕಿವಿಯ ದೋಷವನ್ನು ಒಟ್ಟಿಗೆ ಲೆಕ್ಕ ಹಾಕಿ ಬೀದಿಯ ಆಚೆ ಬದಿಗೆ ದಾಟಿದರು. ಅಲ್ಲಿ ಒಣಮಣ್ಣೂ ಇರಲಿಲ್ಲ, ಬಂಡೆ.

ಕ್ಷೌರಿಕ ಮೆಟ್ಟಿಲ ಮೇಲೆ ನಿಂತು ಕತ್ತರಿ ಆಡಿಸುತ್ತ ಕೂಗಿದ: “ಸ್ವಾಮಿ, ಗಿರಾಕಿಗಳು ನನ್ನಂಗಡಿಗೆ ಹಾರ್ಕೊಂಡು ಬರ್ಬೇಕಾ? ಒಳಗೆ ಅರ್ಧ ಗಡ್ಡದೋನು ಒಬ್ಬ ಕೂತಿದಾನೆ, ಆಚೆ ನೋಡಿ ಹೆದರ್ಕೊಂಡು ಇನ್ನರ್ಧ ನಾಳೆ ಅಂತಿದಾನೆ!”

ಎಂಜಿನಿಯರಮ್ಮ ಭಾವನ ಹತ್ತಿರ ಬಂದು ಅಳುವ ದನಿಯಲ್ಲಿ ಹೇಳಿದರು: “ಅಣ್ಣ, ನಾಲ್ಕನೇದು ತೋಡಿದ್ರೆ ನನ್ನನ್ನೂ ಅದರಲ್ಲೇ ಹಾಕಿ ಮುಚ್ತಾರೆ.”

ಕೆಲಸ ನಿಂತಿತು. ಎರಡು ಹೊಂಡಗಳ ನಡುವೆ ಸರಳು ಮೊದಲು ಊರಿದ್ದ ಜಾಗ ಮಾತ್ರ ಸುಖವಾಗಿ ಉಳಿಯಿತು. ಸೋರಿಕೆಯೂ ಉಳಿಯಿತು.

ಪರೀಕ್ಷೆಯ ದಿನ ಭಾವ ಆಸ್ಪತ್ರೆಯ ಪುಟ್ಟ ಗಾಜಿನ ಕೋಣೆಯೊಳಗೆ, ಕಿವಿಗೆ ಮುಚ್ಚಳ ಹಾಕಿಕೊಂಡು, ಕೈಯಲ್ಲಿ ಒತ್ತುವ ಬಟನ್ ಹಿಡಿದು ಕೂತರು. ಹೊರಗೆ ಕಿವಿ ಡಾಕ್ಟರಮ್ಮ ಒಂದು ಯಂತ್ರದ ಡಯಲ್ ತಿರುಗಿಸುತ್ತ ಸಣ್ಣ ಸಣ್ಣ ಸದ್ದು ಕಳಿಸಿದರು. ಸದ್ದು ಕೇಳಿದಾಗ ಭಾವ ಒತ್ತಬೇಕು. ಒತ್ತಿದರು. ಡಾಕ್ಟರಮ್ಮ ಸದ್ದು ಇಳಿಸಿದರು. ಮತ್ತೆ ಒತ್ತಿದರು. ಇಳಿಸುತ್ತ ಇಳಿಸುತ್ತ ಡಯಲ್ ತಳ ಮುಟ್ಟಿತು. ಭಾವ ಆಗಲೂ ಒತ್ತಿದರು.

ಡಾಕ್ಟರಮ್ಮ ಬಾಗಿಲು ತೆಗೆದರು. “ನಿಮ್ಮ ಎರಡೂ ಕಿವಿ ಒಂದೇ ಸಮ ಇವೆ. ನಿಮ್ಮ ವಯಸ್ಸಿಗೆ ಇಂಥ ಕಿವಿ ನಾನು ನೋಡಿಲ್ಲ.”

“ಮೇಡಂ, ದಾಕ್ಷಿಣ್ಯ ಬೇಡಿ.”

“ಯಾವ ದಾಕ್ಷಿಣ್ಯ?”

“ಸಂಸಾರಸ್ಥ ಅಂತ ಪಾಸ್ ಮಾಡ್ಬೇಡಿ. ನನ್ನಿಂದ ಈಗಾಗ್ಲೇ ಮೂರು ಹೊಂಡ ಆಗಿದೆ. ನಿಮ್ಮ ಯಂತ್ರ ಎಲ್ಲೋ ಕೆಟ್ಟಿದೆ, ಇನ್ನೊಂದ್ಸಲ ನೋಡಿ.”

ಇಷ್ಟು ದಿನಕ್ಕೆ ಕೊನೆಗೂ ಭಾವ ಒಂದು ಯಂತ್ರದ ಮೇಲೆ ಅನುಮಾನ ಪಟ್ಟರು, ಅದೂ ಸರಿಯಾಗಿದ್ದ ಯಂತ್ರದ ಮೇಲೆ. ಹೊರಗೆ ಸಾಲಿನಲ್ಲಿ ಕಾಯುತ್ತಿದ್ದ ಮಂಡಳಿಯ ಇತರರು, ಫೇಲ್ ಮಾಡಿ ಎಂದು ಗೋಗರೆಯುವ ಸಹೋದ್ಯೋಗಿಯನ್ನು ಬಾಗಿಲ ಸಂದಿಯಿಂದ ನೋಡಿ, ಇದೇನಾದರೂ ಹೊಸ ಉಪಾಯವೇ ಎಂದು ಕಂಗಾಲಾದರು.

ಡಾಕ್ಟರಮ್ಮನಿಗೆ ಮೂಗಿನ ತುದಿಗೆ ಸಿಟ್ಟು ಬಂತು. “ಬನ್ನಿ ಇಲ್ಲಿ, ನೋಡಿ ಈ ಡಯಲ್. ತಿರುಗಿಸಿದ್ರೆ ಟಿಕ್ ಟಿಕ್ ಅನ್ನುತ್ತೆ, ಯಾಕೆ ಗೊತ್ತಾ? ಒಂದೊಂದು ಟಿಕ್‌ಗೂ ಎಡಕ್ಕೂ ಬಲಕ್ಕೂ ಅಳೆದು ಕೂರಿಸಿದ ಬೇರೆ ಬೇರೆ ತುಂಡು ಇದೆ. ಎಷ್ಟು ಕೆಳಗಿಳಿದ್ರೂ ಎರಡೂ ಸಮ. ಮನೆ ರೇಡಿಯೋ ಗುಂಡಿ ಥರ ಸುಮ್ನೆ ಜಾರೋದಲ್ಲ ಇದು. ಜಾರೋ ಗುಂಡಿ ನಂಬ್ಕೊಂಡು ಯಾರಾದ್ರೂ ಕಿವಿ ಅಳೀತಾರಾ?”

ಭಾವ ಡಯಲನ್ನು ಒಂದು ಟಿಕ್ ತಿರುಗಿಸಿ ನೋಡಿ, ಮೆಲ್ಲಗೆ, “ಅಳೀತಾರೆ, ಮೇಡಂ,” ಎಂದರು.

ಅಲ್ಲಿಂದ ಸೀದಾ ಪೆಟ್ಟಿಗೆ ಕೊಂಡ ಅಂಗಡಿಗೆ ಹೋದರು. ಅಂಗಡಿಯ ಹಿಂಭಾಗದಲ್ಲಿ ರಿಪೇರಿ ಮಾಡುವ ಒಬ್ಬ ಮುದುಕರಿದ್ದಾರೆ. ಎಲ್ಲರೂ ಅವರನ್ನು ಆಂಪ್ಲಿಫೈಯರ್ ತಾತ ಎನ್ನುತ್ತಾರೆ. ತಾತ ಮಾತು ಪೂರ್ತಿ ಕೇಳಿ, ಕೈಯಲ್ಲಿದ್ದ ಬೆಸುಗೆ ಕಡ್ಡಿಯನ್ನು ಪಕ್ಕಕ್ಕಿಟ್ಟರು.

“ಗುಂಡಿ ಒಂದೇ. ಆದ್ರೆ ಒಳಗೆ ಎರಡು ಪಟ್ಟಿ ಇರ್ತವೆ, ಎಡಕ್ಕೊಂದು ಬಲಕ್ಕೊಂದು. ಮೇಲ್ಮೇಲೆ ಹೋದಾಗ ಎರಡೂ ಹೆಗಲಿಗೆ ಹೆಗಲು ಕೊಟ್ಟು ನಡೀತವೆ. ತೀರಾ ಕೆಳಗೆ, ಶುರುವಾಗೋ ಜಾಗದಲ್ಲಿ, ಒಂದು ಚೂರು ಹಿಂದೆ ಬೀಳುತ್ತೆ. ಎರಡು ಡೆಸಿಬಲ್ ಇರಬಹುದು. ಆದ್ರೆ ಈ ಪೆಟ್ಟಿಗೆ ತಗೊಂಡೋರು ಹದಿನಾಲ್ಕು ಜನ ಇದ್ದಾರಪ್ಪ. ಯಾರೂ ಬಂದು ಹೇಳಿಲ್ಲ. ಅಷ್ಟು ಕೆಳಗೆ ಯಾರಿಗೂ ಏನೂ ಕೇಳಿಸೋದೇ ಇಲ್ಲ.”

ಭಾವನಿಗೆ ಕುಣಿಯುವಷ್ಟು ಖುಷಿಯಾಯಿತು. ಆಮೇಲೆ ಅರ್ಜಿ ನೆನಪಾಯಿತು.

ಕಚೇರಿಯಲ್ಲಿ ಹೆಡ್ ಕ್ಲರ್ಕ್ ಕಡತ ತೆರೆದು ಕೂತಿದ್ದರು. “ಕಿವಿ ಹೋಗಿದೆ ಅಂತ ಸ್ವಂತ ಕೈಯಾರೆ ಬರೆದಿದ್ದೀರಿ. ವಾಪಸ್ ತಗೋಬೇಕಂದ್ರೆ ಕಾರಣ ಬೇಕು.”

“ಕಾರಣ ವಾಲ್ಯೂಮ್ ಗುಂಡಿ.”

“ಯಾರದು?”

“ನನ್ನದು. ಮನೇದು.”

ಹೆಡ್ ಕ್ಲರ್ಕ್ ಕನ್ನಡಕ ತೆಗೆದು ಒರೆಸಿದರು. “ನೋಡಿ, ಡಾಕ್ಟರ್ ಕಿವಿ ಇದೆ ಅಂತಾರೆ, ನೀವು ಇಲ್ಲ ಅಂತ ಬರೆದಿದ್ದೀರಿ, ಮೂರು ಹೊಂಡ ನಿಮ್ಮ ಪರವಾಗಿ ಸಾಕ್ಷಿ ಹೇಳ್ತಿವೆ. ಇದರ ಮಧ್ಯೆ ಈ ಗುಂಡೀನ ಯಾವ ಕಾಲಂಗೆ ಹಾಕಲಿ? ಕೊಳವೆ, ಕವಾಟ, ನೌಕರ, ಇಷ್ಟೇ ಕಾಲಂ ಇರೋದು.”

ಕಡತ ಕಾರ್ಯನಿರ್ವಾಹಕ ಎಂಜಿನಿಯರರ ಮೇಜಿಗೆ ಹೋಯಿತು. ಅವರು ಮಾತು ಕಡಿಮೆಯ, ದಪ್ಪ ಮೀಸೆಯ ಮನುಷ್ಯ. ಇಡೀ ಕಡತ ಓದಿ, ಕೆಳಗೆ ಎರಡೇ ಶಬ್ದ ಬರೆದರು: ‘ಸ್ಥಳ ಪರಿಶೀಲನೆ.’

ಯಾವ ಸ್ಥಳ ಎಂದು ಕೇಳಲು ಯಾರಿಗೂ ಧೈರ್ಯ ಬರಲಿಲ್ಲ. ಅವರೇ ಹೇಳಿದರು, “ಗುಂಡಿ ಇರೋ ಸ್ಥಳ.”

ಮರುದಿನ ನಾನು ರಜೆ ಹಾಕಿ ಮನೆಯಲ್ಲಿದ್ದೆ. ಮಧ್ಯಾಹ್ನ ಒಂದೂವರೆಗೆ ಮಂಡಳಿಯ ಜೀಪು ಬಂತು. ಮೀಸೆಯ ಸಾಹೇಬರು, ಹೆಡ್ ಕ್ಲರ್ಕ್, ಎಂಜಿನಿಯರಮ್ಮ ಇಳಿದರು. ಅಗೆಯುವವರಿಬ್ಬರು ಜೀಪಿನಲ್ಲೇ ಉಳಿದರು. ಆಂಪ್ಲಿಫೈಯರ್ ತಾತ ಮೀಟರ್ ಹಿಡಿದು ಮೊದಲೇ ಬಂದು ಕೂತಿದ್ದರು. ಕರೆಯದಿದ್ದರೂ ಹೆಡ್‌ಮಾಸ್ಟರು ಬಂದರು. ಅಕ್ಕ ಬಾಗಿಲಲ್ಲಿ ನಿಂತು, ಒಳಗೆ ಬಂದ ಪ್ರತಿಯೊಬ್ಬ ಅಧಿಕಾರಿಗೂ ತುಟಿಯ ಮೇಲೆ ಬೆರಳಿಟ್ಟು ತೋರಿಸಿದಳು. ಹಾಲ್‌ನ ಮೂಲೆಯಲ್ಲಿ ನನ್ನ ಮಗಳು ಮಲಗಿದ್ದಳು. ಮಂಡಳಿಯ ಆಡಳಿತ ವರ್ಗ ಬೂಟು ಬಿಚ್ಚಿ, ಕಾಲ್ತುದಿಯಲ್ಲಿ ನಡೆದು, ಉಸಿರು ಹಿಡಿದು ಕೂತಿತು.

ಭಾವ ಗುಂಡಿಯನ್ನು ಕೂದಲೆಳೆಯಷ್ಟು ತಿರುಗಿಸಿದರು. ಮುಖ ಅರಳಿತು. “ಕೇಳಿ ಸಾರ್,” ಎಂದು ಪಿಸುಗುಟ್ಟಿದರು. “ಎಡಕ್ಕಿದ್ದಾಳೆ.”

ಸಾಹೇಬರು ಕಣ್ಣು ಮುಚ್ಚಿ ಕೇಳಿದರು. ಎಂಜಿನಿಯರಮ್ಮ ಕತ್ತು ವಾಲಿಸಿ ಕೇಳಿದರು. ಹೆಡ್‌ಮಾಸ್ಟರು ಎಲ್ಲ ಅರ್ಥವಾದವರಂತೆ ತಾಳ ಹಾಕತೊಡಗಿದರು. ಐದು ನಿಮಿಷವಾಯಿತು.

ಹೆಡ್ ಕ್ಲರ್ಕ್ ಸಾಹೇಬರ ಕಡೆ ಬಾಗಿ ಪಿಸುಗುಟ್ಟಿದರು: “ಸಾರ್, ನನಗೆ ಎಡ ಬಲ ಗೊತ್ತಾಗ್ತಿಲ್ಲ.”

“ಯಾಕೆ?”

“ಹಾಡೇ ಕೇಳಿಸ್ತಿಲ್ಲ.”

ಸಾಹೇಬರು ಅವರನ್ನು ಗುರಾಯಿಸಿದರು. ಆಮೇಲೆ ಎಂಜಿನಿಯರಮ್ಮನ ಕಡೆ ನೋಡಿದರು. ಆಕೆ ತಲೆ ತಗ್ಗಿಸಿದರು. ಹೆಡ್‌ಮಾಸ್ಟರ ತಾಳ ನಿಧಾನವಾಗಿ ನಿಂತಿತು. ಕೊನೆಗೆ ಸಾಹೇಬರು ಮೀಸೆ ತೀಡುತ್ತ, ಇಡೀ ವೃತ್ತಿಜೀವನದಲ್ಲಿ ಮಾಡದ ಒಂದು ತಪ್ಪೊಪ್ಪಿಗೆ ಮಾಡಿದರು: “ನನಗೂ.”

ಮೂಲೆಯಿಂದ ಭಾವನ ತಾಯಿ ಪಿಸುದನಿಯಲ್ಲೇ ಕೇಳಿದರು: “ನಿಮಗೆಲ್ಲ ಪರೀಕ್ಷೆ ಆಗಿದ್ಯೇನಪ್ಪಾ?”

ತಾತ ಮುಂದೆ ಬಂದು ಪೆಟ್ಟಿಗೆಯ ಹಿಂದೆ ಮೀಟರ್ ಚುಚ್ಚಿ ಮುಳ್ಳು ತೋರಿಸಿದರು. ಬಲಗಡೆ ಎರಡು ಡೆಸಿಬಲ್ ಕಡಿಮೆ. ಸಾಹೇಬರಿಗೆ ಅಷ್ಟು ಸಾಲದು. ಪೆಟ್ಟಿಗೆಗೆ ಅಡ್ಡವಾಗಿ ಅಕ್ಕನ ಬೆಡ್‌ಶೀಟ್ ಹಿಡಿಸಿದರು. ಒಂದು ತುದಿ ನಾನು ಹಿಡಿದೆ, ಇನ್ನೊಂದು ತುದಿ ಎಂಜಿನಿಯರಮ್ಮ. ತಾತ ಅದರ ಹಿಂದೆ ಕೂತು ಎಡಬಲದ ತಂತಿಗಳನ್ನು ಮನಸ್ಸಿಗೆ ಬಂದಂತೆ ಅದಲು ಬದಲು ಮಾಡಬೇಕು, ಭಾವ ಹಾಡುವವಳು ಎಲ್ಲಿದ್ದಾಳೆಂದು ಹೇಳಬೇಕು. ಮಾಡಿದ್ದನ್ನು ತಾತ, ಹೇಳಿದ್ದನ್ನು ಹೆಡ್ ಕ್ಲರ್ಕ್ ಬರೆದುಕೊಳ್ಳಬೇಕು.

“ಎಡಕ್ಕೆ,” ಎಂದರು ಭಾವ. “ಈಗ ಬಲಕ್ಕೆ ಬಂದ್ಲು.” ಒಂದು ಕ್ಷಣ. “ಬಲಕ್ಕೇ ಇದ್ದಾಳೆ. ತಾತ, ನೀವು ತಂತಿ ಕಿತ್ತು ಮತ್ತೆ ಅಲ್ಲೇ ಚುಚ್ಚಿದ್ರಿ.”

ಬೆಡ್‌ಶೀಟಿನ ಹಿಂದಿನಿಂದ ತಾತನ ನಗು ಕೇಳಿಸಿತು.

ಹತ್ತು ಸಲ ಆಯಿತು. ಹೆಡ್ ಕ್ಲರ್ಕ್ ತಮ್ಮ ಪಟ್ಟಿಯನ್ನೂ ತಾತನ ಪಟ್ಟಿಯನ್ನೂ ಪಕ್ಕಪಕ್ಕ ಇಟ್ಟು, ಒಂದೊಂದೇ ಸಾಲಿಗೆ ಬೆರಳಿಟ್ಟು ಇಳಿದರು. ಹತ್ತಕ್ಕೆ ಹತ್ತು. ಕೋಣೆಯಲ್ಲಿ ಎಂಟು ಜನ ದೊಡ್ಡವರಿಗೆ ಇದೆಯೋ ಇಲ್ಲವೋ ಎಂದೇ ತಿಳಿಯದ ಹಾಡಿನಲ್ಲಿ, ಭಾವ ಹಾಡುವವಳ ಒಂದೊಂದು ಹೆಜ್ಜೆಯನ್ನೂ ಕೇಳಿದ್ದರು. ಇಷ್ಟು ವರ್ಷ ಚಪ್ಪಲಿ ತಪ್ಪಾಗಿ ಹಾಕಿಕೊಂಡದ್ದಕ್ಕೆ ಅವರನ್ನು ನೋಡಿ ಎಷ್ಟು ನಕ್ಕಿದ್ದೇವೆ! ಅಕ್ಕ ಸೆರಗಿನಿಂದ ಮೂಗು ಒರೆಸಿಕೊಂಡಳು, ಅದೂ ಸದ್ದಿಲ್ಲದೆ.

ಸಾಹೇಬರು ಎದ್ದು ನಿಂತರು. “ಸರಳು ತಗೊಳ್ಳಿ,” ಎಂದರು.

ಅಕ್ಕನನ್ನೂ ಅತ್ತೆಯನ್ನೂ ಮಗಳ ಬಳಿ ಬಿಟ್ಟು ನಾವೆಲ್ಲ ಮನೆಯ ಹಿಂದಿನ ಬೀದಿಗೆ ಮೆರವಣಿಗೆ ಹೊರಟೆವು. ಕ್ಷೌರಿಕ ನಮ್ಮನ್ನು ಕಂಡದ್ದೇ ತಡ, ಎರಡೂ ಕೈ ಅಗಲಿಸಿ ಮೆಟ್ಟಿಲಿಗೆ ಅಡ್ಡ ನಿಂತ. “ಉಳಿದಿರೋದು ಇದೊಂದೇ ಜಾಗ ಸ್ವಾಮಿ! ಇದೂ ಹೋದ್ರೆ ನಾನು ಗಿರಾಕಿಗಳಿಗೆ ಏಣಿ ಹಾಕ್ಬೇಕು!”

ಭಾವ ಸರಳು ಊರಿದರು. ಕಿವಿಯಿಟ್ಟರು. ಬಸ್ಸು ಹೋಗುತ್ತಿತ್ತು, ಹಾರ್ನ್ ಹೊಡೆಯುತ್ತಿತ್ತು. ಮಟಮಟ ಮಧ್ಯಾಹ್ನದಲ್ಲಿ ನೆಲದ ಸದ್ದು ಕೇಳಲು ಯಾರೂ ಹೋಗುವುದಿಲ್ಲ. ಎಂಜಿನಿಯರಮ್ಮ ಉಗುರು ಕಚ್ಚತೊಡಗಿದರು. ಭಾವ ಕಣ್ಣು ಬಿಟ್ಟು ಬಲಕ್ಕೆ ನೋಡಿದರು, ಎಡಕ್ಕೆ ನೋಡಿದರು, ಹಾಗೇ ಬಗ್ಗಿ ತಮ್ಮ ಕಾಲ ಬಳಿಯೇ ಗುರುತು ಹಾಕಿದರು.

“ಇಲ್ಲಿ,” ಎಂದರು. “ಕೇಳಿಸ್ತಿರೋದು ನನಗೇ.”

ಮೊಣಕಾಲಿನ ಆಳಕ್ಕೆ ಮಣ್ಣು ಒದ್ದೆಯಾಯಿತು. ಸೊಂಟದ ಆಳಕ್ಕೆ ನೀರು ಚಿಮ್ಮಿ ಹೆಡ್ ಕ್ಲರ್ಕರ ಕೈಯಲ್ಲಿದ್ದ ಕಡತಕ್ಕೇ ಬಡಿಯಿತು. ಭಾವನ ಅರ್ಜಿಯ ಮೇಲಿನ ಮೂರು ಮೊಹರುಗಳೂ ಕಲಸಿ ಒಂದೇ ನೀಲಿ ಮೋಡವಾದವು. ಹೆಡ್ ಕ್ಲರ್ಕ್ ಅದನ್ನು ಎತ್ತಿ ಹಿಡಿದು, “ಸಾರ್, ಇದು ಓದೋಕೆ ಬರ್ತಿಲ್ಲ,” ಎಂದರು.

“ಓದೋಕೆ ಬರದ ಅರ್ಜಿ ಮೇಲೆ ಕ್ರಮ ತಗೊಳ್ಳೋಕೆ ಆಗಲ್ಲ,” ಎಂದರು ಸಾಹೇಬರು.

ಕ್ಷೌರಿಕ ಅರ್ಧ ಗಡ್ಡದ ಗಿರಾಕಿಯೊಬ್ಬನ ಜೊತೆ ಹೊರಗೆ ಬಂದು ಚಪ್ಪಾಳೆ ತಟ್ಟಿದ. ಸಾಹೇಬರು ಭಾವನನ್ನು ಪಕ್ಕಕ್ಕೆ ಕರೆದರು. ನಾನು ಅಲ್ಲೇ ನಿಂತಿದ್ದೆ.

“ಒಂದು ವಿಷಯ. ಮೇಲೆ ಹೋದ್ರೆ ಎರಡೂ ಪಟ್ಟಿ ಸಮ ನಡೀತವೆ ಅಂದ್ರಲ್ಲ ನಿಮ್ಮ ತಾತ. ಹಾಗಿದ್ರೆ ಸ್ವಲ್ಪ ಜೋರಾಗಿ ಇಟ್ಕೊಂಡು ಕೇಳಿದ್ರೆ ಆಗಿರ್ತಿತ್ತಲ್ಲ? ಇಷ್ಟೆಲ್ಲ ಯಾಕೆ?”

ಆಗ ನನಗೆ ಹೊಳೆಯಿತು: ಇಷ್ಟು ದಿನ ಈ ಪ್ರಶ್ನೆಯನ್ನು ಯಾರೂ ಕೇಳಿರಲಿಲ್ಲ. ನಾನೂ ಕೇಳಿರಲಿಲ್ಲ.

ಭಾವ ಇಂಥದ್ದೂ ಒಂದು ದಾರಿಯಿದೆಯೇ ಎಂಬಂತೆ ಸಾಹೇಬರ ಮುಖ ನೋಡಿದರು. “ಮಗು ಮಲಗಿರುತ್ತಲ್ಲ ಸಾರ್,” ಎಂದರು. “ಟಿಕ್ ಟಿಕ್ ಅನ್ನೋ ಗುಂಡಿ ಹಾಕಿಸ್ತೀನಿ. ತಾತ ಒಪ್ಪಿದ್ದಾರೆ. ತಳದಲ್ಲೂ ಎರಡೂ ಸಮ ಇರುತ್ತೆ. ಆ ಟಿಕ್ಕಿಗೆ ಎದ್ದುಬಿಟ್ರೆ ಅಂತ, ಅವಳು ಮಲಗೋ ಮುಂಚೆನೇ ತಿರುಗಿಸಿ ಇಟ್ಟುಬಿಡ್ತೀನಿ.”

ಸಾಹೇಬರು ನನ್ನನ್ನು ನೋಡಿದರು. ನಮ್ಮ ಮನೆಯ ಹಿಂದಿನ ಕಿಟಕಿಯನ್ನು ನೋಡಿದರು. ಅದು ಬೀದಿಗೇ ತೆರೆದಿತ್ತು. ಆಮೇಲೆ ಹೊಂಡದ ಅಂಚಿಗೆ ಹೋಗಿ, ಗುದ್ದಲಿ ಎತ್ತಿದ್ದ ಇಬ್ಬರಿಗೂ ತುಟಿಯ ಮೇಲೆ ಬೆರಳಿಟ್ಟು ತೋರಿಸಿದರು.

“ಸ್ವಲ್ಪ ಮೆಲ್ಲಗೆ ಅಗೀರಪ್ಪಾ,” ಎಂದರು.